ಹೊಲದಲ್ಲಿ ಉಸುಕು, ಒಡೆದ ಒಡ್ಡು: ಯಾವುದಕ್ಕೆ ಎಷ್ಟು ನೆರವು?

ಪ್ರಶ್ನೆ: ಮಲಪ್ರಭೆ ಉಕ್ಕಿ ನಮ್ಮ ಮೂರು ಎಕರೆ ಎರೆ ಹೊಲದ ಮೇಲೆ ಉಸುಕು ಬಿದ್ದಿದೆ. ಬೆಳೆ ಪರಿಹಾರಕ್ಕೆ ಅರ್ಜಿ ಕೊಟ್ಟಿದ್ದೇವೆ. ಹೊಲ ಹಸನು ಮಾಡಲು ಬೇರೆ ಹಣ ಸಿಗುತ್ತದೆಯೇ?
– ಓದುಗರು, ರಾಮದುರ್ಗ ತಾಲ್ಲೂಕು

ಉತ್ತರ: ಸಿಗುತ್ತದೆ. ಬೆಳೆ ಪರಿಹಾರ ಬೇರೆ, ಹೂಳು ತೆಗೆಯುವ ನೆರವು ಬೇರೆ. ಬಹಳ ರೈತರು ಮೊದಲನೆಯದನ್ನು ಮಾತ್ರ ಕೇಳಿ ಸುಮ್ಮನಾಗುತ್ತಾರೆ. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ, 2 ಹೆಕ್ಟೇರ್‌ವರೆಗೆ ಜಮೀನಿರುವವರಿಗೆ ಹೂಳು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ ನಿಗದಿಯಾಗಿತ್ತು, ಅಂದರೆ ಎಕರೆಗೆ ಸುಮಾರು 7,285. ನದಿ ಪಾತ್ರ ಬದಲಿಸಿ ಭೂಮಿಯೇ ಕೊಚ್ಚಿಹೋಗಿದ್ದರೆ ಹೆಕ್ಟೇರಿಗೆ 47,000. ಇದೇ ಕೆಲಸಕ್ಕೆ ಬೇರೆ ಯೋಜನೆಯಿಂದ ಹಣ ಪಡೆದಿರಬಾರದು.

ಆದರೆ ಒಂದು ಅಳತೆಯಿದೆ: ಹೂಳು 3 ಇಂಚಿಗಿಂತ ದಪ್ಪವಿರಬೇಕು, ಅದನ್ನು ಅಧಿಕಾರಿ ದೃಢೀಕರಿಸಬೇಕು. ಕೆಲಸ ಕೆಡುವುದು ಇಲ್ಲೇ. ಹಿಂಗಾರಿ ಬಿತ್ತನೆ ತಪ್ಪೀತೆಂಬ ಆತುರದಲ್ಲಿ ಹೊಲ ಹರಗಿಬಿಟ್ಟರೆ, ತಲಾಟಿ (ಗ್ರಾಮ ಆಡಳಿತಾಧಿಕಾರಿ) ಬಂದಾಗ ಅಳೆಯಲು ಏನೂ ಉಳಿದಿರುವುದಿಲ್ಲ. ಹೊಲದ ಐದಾರು ಕಡೆ ಗುದ್ದಲಿಯಿಂದ ಮೊಳ ಅಗಲದ ಗುಂಡಿ ತೋಡಿ, ಒಂದು ಬದಿಯನ್ನು ನೆಟ್ಟಗೆ ಕೊರೆಯಿರಿ. ಕೆಳಗೆ ಕಪ್ಪು ಎರೆ, ಮೇಲೆ ಬಿಳಿಚಿದ ಉಸುಕು, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಅಲ್ಲಿ ಅಳತೆಪಟ್ಟಿ ಹಿಡಿದು, ಸ್ಥಳ ಮತ್ತು ದಿನಾಂಕ ಮೂಡುವಂತೆ ಫೋಟೊ ತೆಗೆಯಿರಿ. ತಹಶೀಲ್ದಾರರಿಗೆ ಬರೆದ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಪಂಚನಾಮೆಯಲ್ಲಿ ಬರೀ ‘ಬೆಳೆ ಹಾನಿ’ ಎಂದಿದ್ದರೆ ಸಾಲದು. ಹೂಳಿನ ದಪ್ಪ, ಎಕರೆ-ಗುಂಟೆ ಎರಡನ್ನೂ ಬರೆಸಿ.

ಉತಾರ (ಪಹಣಿ) ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಹಣ ನಿಲ್ಲುತ್ತದೆ, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಇಂದೇ ಮಾಡಿಸಿ. ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಎಲ್ಲ ಸರ್ವೆ ನಂಬರ್ ಸೇರಿವೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿಕೊಳ್ಳಿ.

ಈ ಹಣದಲ್ಲಿ ಹೊಲ ಪೂರ್ತಿ ಹಸನಾಗುವುದಿಲ್ಲ, ಅದನ್ನು ಮುಚ್ಚಿಡಬಾರದು. ಒಂದು ಎಕರೆಯ ಮೇಲೆ 3 ಇಂಚು ಎಂದರೆ ಸುಮಾರು 109 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಬ್ರಾಸಿಗೆ 67 ರೂಪಾಯಿಯೂ ಬೀಳುವುದಿಲ್ಲ. ಹಾಗಾಗಿ ಎಲ್ಲವನ್ನೂ ಹೊರಗೆ ಸಾಗಿಸುವ ಲೆಕ್ಕ ಹಾಕಬೇಡಿ. ನುಣ್ಣನೆಯ ಮೆಕ್ಕಲು ಮಣ್ಣಾಗಿದ್ದರೆ ಅಳತೆ ಮುಗಿದ ಮೇಲೆ ಉತ್ತು ಬೆರೆಸಿ, ಅದು ಗೊಬ್ಬರವೇ. ಎರೆಯ ಮೇಲೆ ತೆಳ್ಳಗೆ ಉಸುಕು ಉಳಿದರೂ ಹಸಿ ಕಾಯುತ್ತದೆ. ನಮ್ಮ ಭಾಗದಲ್ಲಿ ದುಡ್ಡು ಕೊಟ್ಟು ಉಸುಕು ಹೇರಿಸುವವರಿದ್ದಾರೆ. ದಪ್ಪಗೆ ನಿಂತದ್ದನ್ನು ಮಾತ್ರ ತೆಗೆಯಿರಿ. ಅದನ್ನು ಮಾರಲು ಸಾಗಿಸಬೇಡಿ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಇಲ್ಲದಿದ್ದರೆ ಟ್ರ್ಯಾಕ್ಟರ್ ಜಪ್ತಿಯಾಗುತ್ತದೆ.

ಪ್ರಶ್ನೆ: ದೊಡ್ಡ ಮಳೆ ಬಂದಾಗಲೆಲ್ಲ ನಮ್ಮ ಒಡ್ಡು ಅದೇ ಜಾಗದಲ್ಲಿ ಒಡೆಯುತ್ತದೆ. ಇದಕ್ಕೂ ಪರಿಹಾರ ಉಂಟೇ?
– ಓದುಗರು, ಬಸವನ ಬಾಗೇವಾಡಿ ತಾಲ್ಲೂಕು

ಉತ್ತರ: ಒಡ್ಡಿಗೆ ವಿಪತ್ತು ನಿಧಿಯ ಪಟ್ಟಿಯಲ್ಲಿ ಪ್ರತ್ಯೇಕ ಮೊತ್ತವಿಲ್ಲ. ದಾರಿ ಎರಡು. ಒಂದು, ಪಂಚಾಯಿತಿಯ ಉದ್ಯೋಗ ಖಾತರಿ ಕ್ರಿಯಾಯೋಜನೆಗೆ ನಿಮ್ಮ ಸರ್ವೆ ನಂಬರ್ ಸೇರಿಸುವುದು. ಕೆಲಸದ ಆದೇಶ ಬರುವ ಮೊದಲೇ ಕೆಲಸ ಶುರು ಮಾಡಿದರೆ ಬಿಲ್ ಆಗುವುದಿಲ್ಲ. ಎರಡು, ಊರು ಜಲಾನಯನ ಯೋಜನೆಯೊಳಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು. ಕೃಷಿ ಸಿಂಚಾಯಿ ಯೋಜನೆಯ ಜಲಾನಯನ 2.0 ಹಂತದಲ್ಲಿ (2021–26) ಬಯಲು ಪ್ರದೇಶಕ್ಕೆ ಹೆಕ್ಟೇರಿಗೆ 22,000 ರೂಪಾಯಿ ನಿಗದಿಯಾಗಿತ್ತು. ಅದು ನಿಮ್ಮ ಕೈಗೆ ಬರುವ ಹಣವಲ್ಲ, ದಿಬ್ಬದಿಂದ ಹಳ್ಳದವರೆಗಿನ ಕಾಮಗಾರಿಗೆ. ನಿಮ್ಮ ಒಡ್ಡು ಒಡೆಯುವ ನೀರು ಮೇಲಿನ ಹೊಲದ್ದು, ಆದ್ದರಿಂದ ಮೇಲಿನ ಹೊಲದವರನ್ನೂ ಕೂಡಿಸಿಕೊಂಡೇ ಅರ್ಜಿ ಕೊಡಿ.

ಅದೇ ಜಾಗದಲ್ಲಿ ಒಡೆಯುವುದೇಕೆ? ಬಾಯ್ದೆರೆದ ಜಾಗಕ್ಕೆ ಸಡಿಲ ಮಣ್ಣು ಸುರಿದು ಬಿಡುವುದರಿಂದ. ಹಳೆ ಒಡ್ಡಿಗೂ ಹೊಸ ಮಣ್ಣಿಗೂ ಬೆಸುಗೆಯಾಗದೆ ನೀರು ಸಂದಿಯಲ್ಲಿ ನುಗ್ಗುತ್ತದೆ. ಎರೆ ಬೇಸಿಗೆಗೆ ಬಿರಿದರಂತೂ ಮುಗಿಯಿತು. ಕೊರಕಲಿನ ಸಡಿಲ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆಯಿರಿ. ಎರಡೂ ತುದಿಗಳನ್ನು ಮೆಟ್ಟಿಲಿನಂತೆ ಕಡಿಯಿರಿ. ಅರ್ಧ ಅಡಿಗೊಂದು ಪದರ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡಿ. ಮಣ್ಣು ಇಳಿಯುತ್ತದೆ, ಎತ್ತರವನ್ನು ಕಾಲು ಭಾಗ ಹೆಚ್ಚೇ ಇಡಿ. ಹೆಚ್ಚುವರಿ ನೀರಿಗೆ ಕಲ್ಲಿನ ಕೋಡಿ ಬೇಕೇ ಬೇಕು, ಅದು ಒಡ್ಡಿನ ನೆತ್ತಿಗಿಂತ ತಗ್ಗಿನಲ್ಲಿರಲಿ. ಹೊಸ ಮಣ್ಣಿನ ಮೇಲೆ ಮಳೆಗೆ ಮುಂಚೆಯೇ ಲಾವಂಚ ನೆಡಿ.