ಪಟ್ಟಕದ ಘನಫಲಕ್ಕೆ ಎಷ್ಟು ಸೂತ್ರ ನೆನಪಿಡಬೇಕು?

ಪಟ್ಟಕ ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಆಕಾರ, ಒಂದೇ ಅಳತೆ ಇರುವ, ಚಪ್ಪಟೆ ಮುಖಗಳ ಘನಾಕೃತಿ. ತ್ರಿಕೋನ ಪಟ್ಟಕಕ್ಕೆ ಒಂದು, ಷಡ್ಭುಜದ್ದಕ್ಕೆ ಇನ್ನೊಂದು ಅಂತ ಇಷ್ಟು ಸೂತ್ರ ನೆನಪಿಡುವುದು ಹೇಗೆ ಅಂತ ಕೇಳಿದ್ದೀರಿ. ನೆನಪಿಡಲೇಬೇಡಿ. ನಾನೂ ಆ ಪಟ್ಟಿಯನ್ನೆಲ್ಲ ಉರು ಹೊಡೆದೇ ಪರೀಕ್ಷೆಗೆ ಹೋಗಿದ್ದೆ.

ಡೇರೆ ಆಕಾರದ ಲೆಕ್ಕ ಬಂದಿತ್ತು. ಮುಂಭಾಗ ತ್ರಿಕೋನ: ಬುಡ 6 ಮೀಟರ್, ಎತ್ತರ 4, ಇಳಿಜಾರಿನ ಅಂಚುಗಳು 5. ಡೇರೆಯ ಉದ್ದ 10. ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಬೇಕು ಅನ್ನುವುದು ಬಾಯಿಗೆ ಬರುತ್ತಿತ್ತು. ಪಾದ ಅಂದರೆ ನೆಲಕ್ಕೆ ತಾಗಿರುವ ಮುಖ ಅಂದುಕೊಂಡೆ. 6 × 10 = 60, ಅದಕ್ಕೆ 4 ಗುಣಿಸಿ 240 ಘನ ಮೀಟರ್ ಅಂತ ಬರೆದೆ. ಸರಿ ಉತ್ತರ 120. ಮುಂದಿನ ಉಪಪ್ರಶ್ನೆಗಳೂ ಅದನ್ನೇ ನಂಬಿಕೊಂಡಿದ್ದವು, ಅವೂ ಹೋದವು.

ಈ ತಪ್ಪು ಎಲ್ಲಿಂದ ಬಂತು ಗೊತ್ತಾ? ಅಲ್ಲಿಯವರೆಗೆ ನಾನು ಜಾಸ್ತಿ ಮಾಡಿದ್ದು ಆಯತಘನದ, ಅಂದರೆ ಪೆಟ್ಟಿಗೆ ಆಕಾರದ ಲೆಕ್ಕಗಳು. ಅದರಲ್ಲಿ ಯಾವ ಮುಖವನ್ನು ಪಾದ ಅಂದರೂ ಉತ್ತರ ಒಂದೇ. ಹಾಗಾಗಿ ತಪ್ಪು ಕಲ್ಪನೆ ಹಾಗೇ ಉಳಿದುಬಿಟ್ಟಿತ್ತು. ಡೇರೆಯಲ್ಲಿ ಹಾಗಲ್ಲ. ಮೇಲೆ ಹೋದಂತೆ ಅಗಲ ಕಡಿಮೆಯಾಗುತ್ತದೆ: ಬುಡದಲ್ಲಿ 6 ಮೀಟರ್, 2 ಮೀಟರ್ ಎತ್ತರದಲ್ಲಿ 3, ತುದಿಯಲ್ಲಿ ಸೊನ್ನೆ. ನಾನು ಬರೆದ 240 ಡೇರೆಯನ್ನು ಒಳಗಿಟ್ಟುಕೊಳ್ಳುವ ಇಡೀ ಪೆಟ್ಟಿಗೆಯ ಘನಫಲ. ಎರಡೂ ಪಕ್ಕದ ಖಾಲಿ ಜಾಗವೇ ಅದರಲ್ಲಿ ಅರ್ಧ. ಅದೇ ಡೇರೆಯನ್ನು ಮುಂದಿನಿಂದ ಹಿಂದಕ್ಕೆ ನೋಡುತ್ತಾ ಹೋಗಿ. ಎಲ್ಲಿ ಅಡ್ಡ ಕೊಯ್ದರೂ ಅದೇ ತ್ರಿಕೋನ ಸಿಗುತ್ತದೆ, ಅಲ್ವಾ? ಪಾದ ಅದು. ½ × 6 × 4 = 12, ಅದಕ್ಕೆ ಉದ್ದ 10 ಗುಣಿಸಿದರೆ 120. ಅಂಚಿನ 5 ಸುಮ್ನೆ ದಾರಿ ತಪ್ಪಿಸಲು ಕೊಟ್ಟಿದ್ದು.

ನನ್ನ ಪ್ರಕಾರ ಸೂತ್ರಗಳ ಪಟ್ಟಿ ಕೊಡುವುದೇ ತಪ್ಪು. ಮೊದಲು ಒಂದೇ ಅಳತೆಯ, ಎದುರುಬದುರಾಗಿ ಸಮಾಂತರವಾಗಿರುವ ಎರಡು ಮುಖ ಹುಡುಕಿ. ಅವಕ್ಕೆ ಸಮಾಂತರವಾಗಿ ನಡುವೆ ಎಲ್ಲಿ ಕೊಯ್ದರೂ ಅದೇ ಆಕಾರ, ಅದೇ ಅಳತೆ ಸಿಗಬೇಕು. ಒಂದರ ವಿಸ್ತೀರ್ಣ ಕಂಡುಹಿಡಿದು, ಅವೆರಡರ ನಡುವಿನ ನೇರ ದೂರದಿಂದ ಗುಣಿಸಿ. ಪಟ್ಟಕ ಓರೆಯಾಗಿದ್ದರೂ ಲಂಬ ದೂರವನ್ನೇ ತೆಗೆದುಕೊಳ್ಳಬೇಕು, ಓರೆ ಅಂಚನ್ನಲ್ಲ. ಜೋಡಿಸಿಟ್ಟ ಕಾಗದದ ಕಟ್ಟನ್ನು ಪಕ್ಕಕ್ಕೆ ವಾಲಿಸಿದರೆ ಕಾಗದವೇನೂ ಹೆಚ್ಚಾಗುವುದಿಲ್ಲ.

ನಿಮ್ಮ ಷಡ್ಭುಜಕ್ಕೂ ಹೊಸ ಸೂತ್ರ ಬೇಡ. ಬಾಹುಗಳೆಲ್ಲ 2 ಸೆಂ.ಮೀ. ಇರುವ ನಿಯಮಿತ ಷಡ್ಭುಜವನ್ನು ಆರು ಸಮಬಾಹು ತ್ರಿಕೋನ ಮಾಡಿ. ಒಂದೊಂದರ ವಿಸ್ತೀರ್ಣ √3, ಒಟ್ಟು 6√3. ಉದ್ದ 5 ಸೆಂ.ಮೀ. ಆದರೆ ಘನಫಲ 30√3, ಅಂದರೆ ಸುಮಾರು 52 ಘನ ಸೆಂ.ಮೀ.