ಗೀಸರ್ ಮನೇಲೂ ನೀರು ತುಂಬೋ ಹಬ್ಬ

ದೀಪಾವಳಿ ಹತ್ರ ಬಂತು ಅಂದ್ರೆ ನಿಮ್ಮ ಪತ್ರಗಳೆಲ್ಲ ಮನೆ ಒಳಗಿನ ಮಾತೇ ಆಗತ್ತೆ, ಈ ಸಲಾನೂ ಹಾಗೇ ಆಗಿದೆ. ಬಚ್ಚಲು, ಅಡುಗೆಮನೆ, ಹೊಸಿಲು ಇಷ್ಟರಲ್ಲೇ ಎಲ್ಲಾ ಪ್ರಶ್ನೆ. ನಂಗೂ ಅದೇ ಇಷ್ಟ, ಅದಕ್ಕೆ ಬೇರೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಬರೀ ಹಬ್ಬದ ಪತ್ರಗಳನ್ನೇ ತಗೊಂಡಿದೀನಿ.

ಪ್ರಶ್ನೆ: ನಾವು ಬೆಂಗಳೂರಲ್ಲಿ ಅಪಾರ್ಟ್‌ಮೆಂಟಲ್ಲಿದೀವಿ, ನಾನು, ನಮ್ಮನೆಯವ್ರು, ನಾಲ್ಕು ವರ್ಷದ ಮಗಳು. ಊರಲ್ಲಿ ಹಂಡೆ ತಿಕ್ಕೋದು, ಒಲೆಗೆ ಉರಿ ಹಾಕೋದು ಎಲ್ಲಾ ನೋಡಿ ಬೆಳೆದವಳು ನಾನು. ಇಲ್ಲಿ ಗೀಸರ್. ಹೋದ ವರ್ಷ ಹೊಸ ಬಟ್ಟೆ ಹಾಕ್ಕೊಂಡು ಸ್ವೀಟ್ ಬಾಕ್ಸ್ ಒಡೆದು ಟಿವಿ ಮುಂದೆ ಕೂತ್ವಿ, ಅಷ್ಟೇ. ಮಗಳಿಗೆ ಹಬ್ಬ ಅಂದ್ರೆ ಏನು ಉಳಿಯತ್ತೆ ಹೇಳಿ?

ಉತ್ತರ: ಹಂಡೆ ಇಲ್ಲ ಅಂತ ನೀರು ತುಂಬೋ ಹಬ್ಬ ಬಿಡ್ಬೇಡಿ ಅಮ್ಮಾ. ತ್ರಯೋದಶಿ ಸಂಜೆ ಮನೇಲಿರೋ ದೊಡ್ಡ ಪಾತ್ರೆ ಒಂದು ತೆಗೀರಿ, ತಾಮ್ರದ್ದಿದ್ರೆ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ, ಸ್ಟೀಲ್ ಆದ್ರೆ ಸುಮ್ನೆ ತೊಳೀರಿ. ಕರಾವಳಿ ಮಲೆನಾಡಲ್ಲಿ ಹಂಡೆ ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತಾರೆ, ನಿಮಗೆ ಅದು ಸಿಗ್ದಿದ್ರೆ ಚೆಂಡುಹೂ ಮಾವಿನೆಲೆ ಸಾಕು. ಸುಣ್ಣದಲ್ಲಿ ಗೆರೆ ಎಳೆದು ಅರಿಶಿನ ಕುಂಕುಮ ಇಡಿ. ಆಮೇಲೆ ನೀರು ತುಂಬೋ ಕೆಲ್ಸ ಪೂರ್ತಿ ಮಗಳಿಗೇ ಬಿಟ್ಬಿಡಿ, ಚಿಕ್ಕ ಚೊಂಬು ಕೊಡಿ, ನಲ್ಲಿಯಿಂದ ಪಾತ್ರೆಗೆ ಅವಳು ಓಡಾಡ್ಲಿ, ಅರ್ಧ ನೀರು ನೆಲಕ್ಕೆ ಹೋಗತ್ತೆ, ಹೋಗ್ಲಿ, ಒರೆಸ್ಕೊಂಡ್ರಾಯ್ತು.

ಬೆಳಗ್ಗೆ ಆ ನೀರಿಗೇ ಗೀಸರ್ ಬಿಸಿನೀರು ಬೆರೆಸ್ಕೊಳ್ಳಿ. ಆದ್ರೆ ಎಣ್ಣೆ ಶಾಸ್ತ್ರ ಮಾತ್ರ ಅವಸರದಲ್ಲಿ ಮುಗಿಸ್ಬೇಡಿ ಅಂತ ಕೈಮುಗಿದು ಕೇಳ್ಕೋತೀನಿ. ಮಣೆ ಹಾಕಿ, ಮುಂದೆ ಚಿಕ್ಕದೊಂದು ರಂಗೋಲಿ, ಬಟ್ಟಲಲ್ಲಿ ಉಗುರುಬೆಚ್ಚಗಿನ ಎಳ್ಳೆಣ್ಣೆ. ಮೊದ್ಲು ನೆಲದ ಮೇಲೆ ಏಳು ತೊಟ್ಟು ಎಣ್ಣೆ ಇಡೋ ಪದ್ಧತಿ ತುಂಬಾ ಮನೆಗಳಲ್ಲಿದೆ, ಏಳು ಜನ ಚಿರಂಜೀವಿಗಳಿಗೆ: ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಇದ್ರಲ್ಲಿ ಬಲಿ ಇದಾನೆ ನೋಡಿ, ಎರಡು ದಿನ ಬಿಟ್ಟು ಪಾಡ್ಯಕ್ಕೆ ನಾವು ಬರಮಾಡ್ಕೊಳ್ಳೋ ಅದೇ ಬಲೀಂದ್ರ. ಒಂದೊಂದು ಹೆಸರಿಗೂ ಮಗಳ ಬೆರಳಿಂದಾನೇ ಒಂದೊಂದು ತೊಟ್ಟು ಇಡ್ಸಿ, ಹನುಮಂತ ಬಂದಾಗ ಅವಳ ಮುಖ ನೋಡಿ. ಆಮೇಲೆ ನೀವು ಅವಳ ನೆತ್ತಿಗೆ ಒತ್ತಿ, ಅವಳು ಅವಳಪ್ಪನ ತಲೆಗೆ ಒತ್ಲಿ, ಅಜ್ಜಿ ತಾತ ಬಂದಿದ್ರೆ ಎಲ್ರಿಗಿಂತ ಮೊದ್ಲು ಅವ್ರ ಕೈ.

ಇನ್ನೊಂದು, ಇದು ನಂಗೆ ತುಂಬಾ ಇಷ್ಟವಾದದ್ದು. ಚತುರ್ದಶಿ ದಿನ ಸೂರ್ಯ ಹುಟ್ಟೋಕೆ ಸ್ವಲ್ಪ ಮುಂಚೆ ಪೂರ್ವದಲ್ಲಿ ಕೂದಲೆಳೆಯಷ್ಟು ಸಣ್ಣ ಚಂದ್ರ ಬರ್ತಾನೆ, ಪಂಚಾಂಗದಲ್ಲಿ ಚಂದ್ರೋದಯದ ಟೈಮ್ ಕೊಟ್ಟಿರ್ತಾರೆ. ಮೋಡ ಇಲ್ದೇ ಇದ್ರೆ, ಟೆರೇಸಿಂದ ಪೂರ್ವ ದಿಕ್ಕು ಕಾಣ್ಸೋ ಹಾಗಿದ್ರೆ, ಮಗಳಿಗೆ ಶಾಲು ಹೊದ್ಸಿ ಮೂರೂ ಜನ ಹೋಗಿ ನೋಡಿ ಬಂದು ಸ್ನಾನಕ್ಕೆ ಕೂತ್ಕೊಳ್ಳಿ. ನಾಲ್ಕು ವರ್ಷದ ಮಗುಗೆ ಕತ್ತಲಲ್ಲಿ ಎದ್ದು ಅಪ್ಪ ಅಮ್ಮನ ಜೊತೆ ಮೇಲೆ ಹೋಗೋದೇ ದೊಡ್ಡ ಸಂಭ್ರಮ.

ಪ್ರಶ್ನೆ: ನಾನು ಗದಗ ಕಡೆಯಾಕಿ, ಮದುವಿ ಆಗಿ ಸಾಗರಕ್ಕ ಬಂದೀನ್ರಿ. ನಮ್ಮ ಕಡೆ ಪಾಡ್ಯದ ದಿನ ಸಗಣಿ ಪಾಂಡವರನ್ನ ಮಾಡಿ ಹೊಸ್ತಿಲದಾಗ ಇಡ್ತೀವಿ. ಇಲ್ಲಿ ಅದು ಇಲ್ಲ. ಅತ್ತಿ ಭಾಳ ಒಳ್ಳೇರು, ಆದ್ರೂ ಕೇಳಾಕ ಸಂಕೋಚ ಆಗ್ತೈತಿ.

ಉತ್ತರ: ಕೇಳ್ರಿ ತಂಗಿ, ಖಂಡಿತ ಕೇಳ್ರಿ! ನಿಮ್ಮತ್ತೆ ಮನೇಲೂ ಅವತ್ತು ಕೊಟ್ಟಿಗೇಲೇ ಅಲ್ವಾ ಹಬ್ಬ. ಸಾಗರದ ಕಡೆ ದೀಪಾವಳಿನ ದೊಡ್ಡಹಬ್ಬ ಅಂತಾನೇ ಕರೀತಾರೆ, ಹಸುಗಳ ಮೈ ತೊಳ್ದು, ಜೇಡಿ ಕೆಮ್ಮಣ್ಣಿನ ಗುರುತು ಹಾಕಿ, ಹಣ್ಣಡಿಕೆ, ಸಿಂಗಾರ (ಅಡಿಕೆ ಹೂಗೊಂಚಲು), ಚೆಂಡುಹೂ, ಪಚ್ಚೆತೆನೆ ಪೋಣಿಸಿದ ಸರ ಕೊರಳಿಗೆ ಕಟ್ತಾರೆ. ನಿಮ್ಮ ಪಾಂಡವರಿಗೆ ಬೇಕಾದ ಸಗಣಿ ಅದೇ ಕೊಟ್ಟಿಗೇಲಿದೆ, ಚೆಂಡುಹೂ ಸರಕ್ಕೆ ತಂದಿರೋದ್ರಲ್ಲೇ ಮಿಗತ್ತೆ, ಉತ್ರಾಣಿ ಕಡ್ಡಿ ಬೇಲಿ ಪಕ್ಕ ಹುಡುಕಿದ್ರೆ ಸಿಗತ್ತೆ. ಅತ್ತೆ ಜೊತೆ ಕೂತು ಸರ ಪೋಣಿಸ್ತಾ "ನಮ್ಮ ಕಡೆ ಹಿಂಗ ಮಾಡ್ತೀವ್ರಿ ಅತ್ತಿ" ಅಂತ ಶುರು ಮಾಡಿ ನೋಡಿ, ಐದು ಪಾಂಡವರು ಯಾವಾಗ ಎದ್ದು ನಿಂತ್ರು ಅಂತಾನೇ ಗೊತ್ತಾಗಲ್ಲ. ಸಂಜೆ ಅವನ್ನ ಮಾಳಿಗೆ ಮೇಲೆ ಇಡೋ ರೂಢಿ ನಿಮ್ಮಲ್ಲಿದ್ರೆ ಅಲ್ಲಿ ಹೆಂಚಿನ ಮನೆ ಆದ್ರೆ ಅತ್ತೆನೇ ಒಂದು ಜಾಗ ತೋರಿಸ್ಲಿ.

ಮತ್ತೆ ರಾತ್ರಿ ಬೇಗ ಮಲಗ್ಬೇಡಿ. ಅಂಟಿಗೆ ಪಂಟಿಗೆಯವ್ರು ಹೊತ್ತಿಸಿದ ದೀಪ ಹಿಡ್ಕೊಂಡು ಊರೂರು ಮನೆಮನೆ ಹಾಡ್ತಾ ಬರ್ತಾರೆ, ಅವ್ರ ದೀಪಕ್ಕೆ ಎಣ್ಣೆ ಹಾಕಿ, ಅಕ್ಕಿ ಕಾಯಿ ಹೋಳಿಗೆ ಕೊಟ್ಟು ಕಳಿಸೋದು. ಆ ಎಣ್ಣೆ ಎರೆಯೋ ಕೆಲ್ಸ ನಂಗೆ ಕೊಡ್ರಿ ಅಂತ ನೀವೇ ಮುಂದೆ ಬನ್ನಿ, ಅತ್ತೆಗೆ ಎಷ್ಟು ಖುಷಿಯಾಗತ್ತೆ ಅಂದ್ರೆ.

ಪ್ರಶ್ನೆ: ಮಣ್ಣಿನ ಹಣತೆ ಎಣ್ಣೆ ಎಲ್ಲಾ ಕುಡಿದು ಬೇಗ ಆರಿ ಹೋಗತ್ತೆ, ನೆಲದ ಮೇಲೂ ಕಲೆ. ಮೇಣದ ದೀಪಾನೇ ವಾಸೀನಾ?

ಉತ್ತರ: ಹಣತೆ ಬಿಡ್ಬೇಡಿ. ಹಚ್ಚೋ ಮುಂಚೆ ಮೂರ್ನಾಲ್ಕು ಗಂಟೆ ನೀರಲ್ಲಿ ಮುಳುಗ್ಸಿಡಿ, ಗುಳ್ಳೆ ಬರೋದು ನಿಂತ ಮೇಲೆ ತೆಗೆದು ನೆರಳಲ್ಲಿ ಬೋರಲು ಹಾಕಿ, ಮೇಲಿನ ತೇವ ಆರಿದ್ರೆ ಸಾಕು. ಅಡಿಗೆ ಒಂದೊಂದು ವೀಳ್ಯದೆಲೆ ಇಡಿ.

ಪ್ರಶ್ನೆ: ಆಷಾಢದಲ್ಲಿ ನಮ್ಮಪ್ಪ ಹೋಗ್ಬಿಟ್ರು. ಈ ವರ್ಷ ನಮಗೆ ಹಬ್ಬ ಇಲ್ಲ ಅಂತ ಅಮ್ಮ ಹೇಳಿದಾರೆ, ಸರಿನೇ. ಆದ್ರೆ ನನ್ ಮಗ ತಾತನ ಜೊತೇಲೇ ಪ್ರತಿ ವರ್ಷ ದೀಪ ಹಚ್ತಿದ್ದೋನು, ಅವನಿಗೆ ಏನ್ ಹೇಳ್ಲಿ? (ಹಾಸನದಿಂದ)

ಉತ್ತರ: ಓದಿ ತುಂಬಾ ಹೊತ್ತು ಏನೂ ಬರಿಯೋಕಾಗ್ಲಿಲ್ಲ. ಅಮ್ಮನ ಮಾತು ಮೀರ್ಬೇಡಿ, ಈ ವರ್ಷ ಆ ಮನೇಲಿ ಅವ್ರು ಹೇಳಿದ್ದೇ ನಡೀಲಿ. ಆದ್ರೆ ಹೋಳಿಗೆ, ಹೊಸ ಬಟ್ಟೆ, ಪಟಾಕಿ ಬಿಟ್ರೂ ದಿನಾ ಸಂಜೆ ತುಳಸಿ ಮುಂದೆ ಹಚ್ಚೋ ದೀಪ ನಿಂತಿರಲ್ಲ ಅಲ್ವಾ? ಪಾಡ್ಯದಿಂದ ಕಾರ್ತಿಕ ಶುರು, ತಿಂಗಳಿಡೀ ಸಂಜೆ ದೀಪ ಇಡೋ ಮಾಸ ಅದು. ಆ ಒಂದು ದೀಪ ಮಗ ಹಚ್ಲಿ ಅಂತ ಅಮ್ಮನ್ನೇ ಕೇಳಿ, ಬೇಡ ಅನ್ನಲ್ಲ ಅಂತ ನನ್ ಮನಸ್ಸು ಹೇಳತ್ತೆ. ಬತ್ತಿ ಹೊಸೆಯೋದು ಅಜ್ಜಿನೇ ಅವನಿಗೆ ಹೇಳ್ಕೊಡ್ಲಿ, ಆ ಹೊತ್ತಲ್ಲಿ ತಾತನ ಮಾತು ಬಂದೇ ಬರತ್ತೆ, ಅಮ್ಮನ ಕಣ್ಣಲ್ಲಿ ನೀರು ಬಂದ್ರೆ ತಡೀಬೇಡಿ. ಮಗನಿಗೂ ಸುತ್ತಿ ಬಳಸಿ ಹೇಳ್ಬೇಡಿ, ತಾತ ಇಲ್ದೇ ಇರೋ ವರ್ಷ ನಾವು ಹಬ್ಬ ಮಾಡಲ್ಲ, ಯಾಕಂದ್ರೆ ನಮಗೆ ಬೇಜಾರಿದೆ ಅಂದ್ರೆ ಮಕ್ಕಳಿಗೆ ಅರ್ಥ ಆಗತ್ತೆ.

ಇದನ್ನ ಓದ್ತಿರೋ ಬೇರೆಯವ್ರಿಗೆ ಒಂದು ಮಾತು, ನಿಮ್ಮ ಬೀದೀಲಿ ಈ ವರ್ಷ ಹಬ್ಬ ಇಲ್ಲದ ಮನೆ ಇದ್ರೆ ಒಂದು ಡಬ್ಬಿ ಚಕ್ಕುಲಿ, ನಾಲ್ಕು ಹೋಳಿಗೆ ಹಿಡ್ಕೊಂಡು ಹೋಗಿ ಹತ್ತು ನಿಮಿಷ ಕೂತು ಬನ್ನಿ. ಬರೀ ಡಬ್ಬಿ ಕಳಿಸ್ಬೇಡಿ.

ಪ್ರಶ್ನೆ: ಅಮಾವಾಸ್ಯೆಗೆ ನಮ್ಮಲ್ಲಿ ಕೇದಾರೇಶ್ವರ ನೋಮು, 21 ಕಜ್ಜಾಯ ಆಗ್ಲೇಬೇಕು. ಅತ್ತೆ ಮಾಡ್ತಿದ್ರು, ಈ ಸಲ ನಾನೇ. ಟ್ರಯಲ್ ನೋಡಿದ್ರೆ ಎಣ್ಣೇಲೇ ಪುಡಿ ಪುಡಿ ಆಯ್ತು. (ರಾಮನಗರ)

ಉತ್ತರ: ಪಾಕ ಇನ್ನೂ ಹದಕ್ಕೆ ಬಂದಿಲ್ಲ, ಇಲ್ಲಾ ಹಿಟ್ಟು ಪೂರ್ತಿ ಒಣಗಿ ಹೋಗಿದೆ. ಅಂಗಡಿ ಅಕ್ಕಿಹಿಟ್ಟು ಇದಕ್ಕೆ ಆಗಲ್ಲ. 1 ಕೆಜಿ ಅಕ್ಕಿಗೆ ಮುಕ್ಕಾಲು ಕೆಜಿ ಬೆಲ್ಲ ಲೆಕ್ಕ ಇಟ್ಕೊಳ್ಳಿ. ಅಕ್ಕಿ ನೆನೆಸಿ ಬಸಿದು ಬಟ್ಟೆ ಮೇಲೆ ನೆರಳಲ್ಲಿ ಹರವಿ, ಮುಟ್ಟಿದ್ರೆ ಕೈಗೆ ತಂಪು ಹತ್ತೋ ಅಷ್ಟು ಪಸೆ ಇರುವಾಗ್ಲೇ ಬೀಸಿ ಜರಡಿ ಹಿಡೀರಿ. ಬೆಲ್ಲದ ಪಾಕ ನೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ರೆ ಕರಗದೇ ಬೆರಳಲ್ಲಿ ಮೆತ್ತಗಿನ ಉಂಡೆ ಆಗ್ಬೇಕು, ಗಟ್ಟಿ ಉಂಡೆ ಆದ್ರೆ ಜಾಸ್ತಿ ಆಯ್ತು, ಕಜ್ಜಾಯ ಕಲ್ಲಾಗತ್ತೆ. ಹಿಟ್ಟು ಹಾಕಿ ಕಲೆಸಿ ಒಂದೆರಡು ದಿನ ಮುಚ್ಚಿಟ್ಟು, ಆಮೇಲೆ ಬಾಳೆಲೆ ಮೇಲೆ ತಟ್ಟಿ ಸಣ್ಣ ಉರೀಲಿ ಕರೀರಿ. ಕಲೆಸಿಟ್ಟಿರೋ ಟ್ರಯಲ್ ಹಿಟ್ಟು ಇನ್ನೂ ಇದ್ರೆ ಬಿಸಾಕ್ಬೇಡಿ, ಸ್ವಲ್ಪ ಬೆಲ್ಲಕ್ಕೆ ಸರಿಯಾದ ಪಾಕ ತೆಗೆದು ಅದಕ್ಕೇ ಸೇರ್ಸಿ ನಾದಿ, ಒಂದೇ ಒಂದು ತಟ್ಟಿ ಬಿಟ್ಟು ನೋಡಿ. ಮತ್ತೆ ಅತ್ತೆನ ಅಡುಗೆಮನೇಲಿ ಒಂದು ಚೇರ್ ಹಾಕಿ ಪಕ್ಕದಲ್ಲೇ ಕೂರಿಸ್ಕೊಳ್ಳಿ, ಪಾಕ ಆಯ್ತಾ ಇಲ್ವಾ ಅಂತ ಅವ್ರು ವಾಸನೇಲೇ ಹೇಳ್ತಾರೆ. ಹಿಟ್ಟು ಮಿಕ್ಕಿದ್ರೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ತುಳಸಿ ಹಬ್ಬಕ್ಕೆ ಇನ್ನೊಂದು ಸಲ ಕರೀಬೋದು.