ರಕ್ತಪರೀಕ್ಷೆ ನೆಗೆಟಿವ್, ಆದರೂ ಕಲೆ ಹಬ್ಬುತ್ತಿದೆ

ಪ್ರಶ್ನೆ: ಎರಡು ವಾರಗಳ ಹಿಂದೆ ಮೊಣಕಾಲಿನ ಹಿಂಬದಿಗೆ ಕಚ್ಚಿಕೊಂಡಿದ್ದ ಉಣುಗೊಂದನ್ನು ಕಿತ್ತುಹಾಕಿದ್ದೆ. ಈಗ ಅಲ್ಲಿ ಅಂಗೈಯಗಲದ ಕೆಂಪು ಕಲೆ ಹಬ್ಬಿದೆ. ತುರಿಕೆಯಾಗಲಿ ನೋವಾಗಲಿ ಇಲ್ಲ, ಆದರೆ ಮೈಕೈ ನೋವು ಮತ್ತು ಸಣ್ಣ ಜ್ವರ ಇವೆ. ಉಣುಗು ಕಚ್ಚುವುದರಿಂದ ಹರಡುವ ಬ್ಯಾಕ್ಟೀರಿಯಾ ಸೋಂಕಾದ ಲೈಮ್ ರೋಗದ ರಕ್ತಪರೀಕ್ಷೆ ನೆಗೆಟಿವ್ ಬಂದಿದೆ. ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಇರಬಾರದು. ಈ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು; ಅವು ರಕ್ತದಲ್ಲಿ ಕಾಣಿಸಿಕೊಳ್ಳಲು ಕೆಲವು ವಾರಗಳೇ ಬೇಕಾಗುವುದರಿಂದ, ಕಲೆ ಮೂಡಿದ ಆರಂಭದ ದಿನಗಳಲ್ಲಿ ನೆಗೆಟಿವ್ ಫಲಿತಾಂಶಕ್ಕೆ ಹೆಚ್ಚಿನ ಬೆಲೆಯಿಲ್ಲ. ಉಣುಗು ಕಚ್ಚಿದ ಜಾಗದಲ್ಲಿ ಒಂದೆರಡು ದಿನಗಳೊಳಗೇ ಎದ್ದು, ತುರಿಸಿ, ಇಳಿದುಹೋಗುವ ಚಿಕ್ಕ ಕೆಂಪು ಬರೀ ಅಲರ್ಜಿ. ಲೈಮ್‌ನ ಕಲೆ 3ರಿಂದ 30 ದಿನಗಳ ನಡುವೆ ಮೂಡಿ, ದಿನೇ ದಿನೇ ಅಗಲವಾಗುತ್ತಾ 5 ಸೆಂಟಿಮೀಟರ್ ದಾಟುತ್ತದೆ. ಪುಸ್ತಕಗಳಲ್ಲಿ ಅಚ್ಚಾಗುವ ಉಂಗುರದಾಕಾರದ ಕಲೆಯ ಚಿತ್ರ ಅನೇಕರನ್ನು ದಾರಿತಪ್ಪಿಸಿದೆ. ಎಷ್ಟೋ ಜನರಲ್ಲಿ ಕಲೆ ಉದ್ದಕ್ಕೂ ಒಂದೇ ಬಣ್ಣದ್ದಾಗಿರುತ್ತದೆ. ಪೆನ್ನಿನಿಂದ ಅದರ ಅಂಚನ್ನು ಗುರುತಿಸಿ, ದಿನಾಂಕ ಬರೆದು, ಫೋಟೊ ತೆಗೆದಿಡಿ. ಲೈಮ್ ಇರುವ ಪ್ರದೇಶದಲ್ಲಿ ಇಂಥ ಕಲೆಯನ್ನು ಕಂಡ ವೈದ್ಯರು ಪರೀಕ್ಷೆಗೆ ಕಾಯದೆ ಡಾಕ್ಸಿಸೈಕ್ಲಿನ್ ಅಥವಾ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಆರಂಭಿಸುವುದು ವಾಡಿಕೆ. ಬಿಟ್ಟರೆ ಮುಂದೆ ಮುಖದ ಒಂದು ಬದಿ ಸೋಲಬಹುದು, ಮೊಣಕಾಲು ಊದಬಹುದು, ಹೃದಯದ ಬಡಿತವೂ ಹದಗೆಡಬಹುದು.

ಕಲೆಯಿಲ್ಲದ ಮಾತ್ರಕ್ಕೆ ಉಣುಗಿನ ಸೋಂಕಲ್ಲ ಎನ್ನುವಂತಿಲ್ಲ. ಉಣುಗು ಹರಡುವ ಇನ್ನೊಂದು ಬ್ಯಾಕ್ಟೀರಿಯಾ ಅನಾಪ್ಲಾಸ್ಮಾದ ಸೋಂಕಿನಲ್ಲಿ ಸಾಮಾನ್ಯವಾಗಿ ಕಲೆ ಇರುವುದಿಲ್ಲ; ಜ್ವರ, ಚಳಿ, ತೀವ್ರ ತಲೆನೋವಿನ ಜೊತೆ ರಕ್ತದಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಕುಸಿದು ಯಕೃತ್ತಿನ ಕಿಣ್ವಗಳು ಏರಿರುತ್ತವೆ. ಇವುಗಳಿಗಿಂತ ಭಯಪಡಬೇಕಾದದ್ದು ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾ ಗುಂಪಿನ ಜ್ವರಗಳಿಗೆ. ಕೆಲವದರಲ್ಲಿ ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಟ್ಟುತ್ತದೆ. ಕಂಕುಳು, ತೊಡೆಸಂದು, ಕೂದಲಿನ ನಡುವೆ ಹುಡುಕದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಇದೇ ಗುಂಪಿಗೆ ಸೇರಿದ, ಅಮೆರಿಕ ಖಂಡಗಳಲ್ಲಿ ಕಾಣುವ ರಾಕಿ ಮೌಂಟನ್ ಜ್ವರದಲ್ಲಿ ಜ್ವರ ಬಂದು 2–4 ದಿನಗಳ ಮೇಲಷ್ಟೇ ಮಣಿಕಟ್ಟು, ಕಣಕಾಲುಗಳಲ್ಲಿ ಚುಕ್ಕೆಗಳು ಏಳುತ್ತವೆ. ಅಂಗೈ, ಅಂಗಾಲಿಗೂ ಅವು ಹರಡುವ ಹೊತ್ತಿಗೆ ರೋಗ ಬಲಿತಿರುವುದರಿಂದ, ಸಂಶಯ ಬಂದೊಡನೆ, ರೋಗಿ ಮಗುವಾಗಿದ್ದರೂ ಸರಿಯೆ, ಡಾಕ್ಸಿಸೈಕ್ಲಿನ್ ಕೊಡಬೇಕೆಂಬುದು ತಜ್ಞರ ಒಮ್ಮತ.

ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುವುದರಿಂದ ಕಚ್ಚಿದ್ದು ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ. ನಿಮಗೆ ತಿಳಿದಿದೆ. ಕಚ್ಚಿದ ದಿನ, ನೀವಿದ್ದ ಪ್ರದೇಶ, ಕಲೆ ಮೂಡಿದ ದಿನ ಇವಿಷ್ಟನ್ನೂ ಹೇಳಿ, ವೈದ್ಯರಿಗೆ ಕಲೆಯನ್ನು ಇಂದೇ ತೋರಿಸಿ.